ಅಂಬಾಸಿಡರ್ ಮ್ಯಾನಿಫೋಲ್ಡ್ ಸ್ಟಡ್: ಪೇಸ್ಟ್ ಹಚ್ಚುವ ಮುಂಚೆ ತೂತು ನೋಡಿ

ರೇಡಿಯೇಟರ್‌ನಲ್ಲಿ ನೀರು ಕಮ್ಮಿಯಾಗುತ್ತಿದೆ, ಕೆಳಗೆ ಒಂದು ಹನಿಯೂ ಬಿದ್ದಿಲ್ಲ ಅಂತ ಗಾಡಿ ತರುತ್ತಾರೆ. ನಾನು ಮೊದಲು ನೋಡುವುದು ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಳಕ್ಕೆ, ಹೊಗೆ ಹೊರಕ್ಕೆ ಸಾಗಿಸುವ ಕೊಳವೆ) ನಟ್‌ಗಳ ಬುಡ. ಅಲ್ಲಿ ತುಕ್ಕಿನ ಗೆರೆಯೋ ಬಿಳಿ ಉಪ್ಪಿನ ಹೆಪ್ಪೋ ಇದ್ದರೆ, ನೀರು ಸ್ಟಡ್‌ನ (ಎಂಜಿನ್ ಮೇಲ್ಭಾಗದ ಹೆಡ್‌ಗೆ ತಿರುಗಿಸಿ ಕೂರಿಸಿದ, ತಲೆ ಇಲ್ಲದ ಬೋಲ್ಟ್) ಥ್ರೆಡ್ ಹಿಡಿದು ಹೊರಗೆ ಬಂದು ಬಿಸಿಗೆ ಆವಿಯಾಗಿ ಹೋಗುತ್ತಿದೆ ಅಂತ ಲೆಕ್ಕ.

ಇಲ್ಲಿ ಹೇಳುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ, ಅಂದರೆ ಇಂಗ್ಲೆಂಡಿನ ಬಿಎಂಸಿ ಬಿ-ಸೀರೀಸ್. ಇಸುಜು ಎಂಜಿನ್ ಇರುವ ಅಂಬಾಸಿಡರ್‌ನ ಲೆಕ್ಕ ಬೇರೆ. ಬಿ-ಸೀರೀಸ್‌ನಲ್ಲಿ ಇನ್ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಕಡೆ. ಕಾರ್ಬುರೇಟರ್ ಕೂಡ ಅಲ್ಲೇ. ಹಾಗಾಗಿ ಗ್ಯಾಸ್ ಟಾರ್ಚ್ ಮುಟ್ಟುವ ಮುಂಚೆ ಬ್ಯಾಟರಿ ಕಳಚಿ, ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ. ಇದರಲ್ಲಿ ರಾಜಿ ಇಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರನ್ನು ಹೆಡ್‌ಗಿಂತ ಕೆಳಗೆ ಬರುವಷ್ಟು ಇಳಿಸಿ. ಸ್ಟಡ್ ಬುಡಕ್ಕೆ ಹಿಂದಿನ ರಾತ್ರಿಯೇ ರಸ್ಟ್ ಆಯಿಲ್ ಬಿಟ್ಟಿರಬೇಕು. ಮ್ಯಾನಿಫೋಲ್ಡ್ ತೆಗೆದು, ಸ್ಟಡ್‌ಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಒಳಗಿನ ನಟ್‌ಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿ. ಅಲ್ಲಾಡದಿದ್ದರೆ ಪೈಪ್ ಹಾಕಿ ಎಳೆಯಬೇಡಿ. ಸುತ್ತಲಿನ ಹೆಡ್ ಬಿಸಿ ಮಾಡಿ, ಬಿಗಿ-ಸಡಿಲ ಅಂತ ಹಿಂದೆ ಮುಂದೆ ಆಡಿಸಿ. ನಡುವಿನ ಎಕ್ಸಾಸ್ಟ್ ಪೋರ್ಟ್ 2 ಮತ್ತು 3ನೇ ಸಿಲಿಂಡರ್ ಎರಡಕ್ಕೂ ಸೇರಿದ್ದು, ಅಲ್ಲಿ ಕಾವು ಜಾಸ್ತಿ, ಅದರ ಪಕ್ಕದ ಸ್ಟಡ್‌ಗಳು ಸಾಮಾನ್ಯವಾಗಿ ಹಟ ಮಾಡುತ್ತವೆ. ಮುರಿದೇ ಹೋದರೆ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ ತಿರುಗಿಸುವುದು ಡ್ರಿಲ್ ಹಿಡಿಯುವುದಕ್ಕಿಂತ ವಾಸಿ.

ಈಗ ಮುಖ್ಯ ಕೆಲಸ. ಪ್ರತಿ ತೂತಿಗೂ ಒಂದು ತೆಳು ತಂತಿ ತೂರಿಸಿ. ತಳಕ್ಕೆ ತಾಗಿ ನಿಂತರೆ ಅದು ಒಣ ತೂತು. ನಿಲ್ಲದೆ ಒಳಗೆ ಹೋಗುತ್ತಲೇ ಇದ್ದರೆ, ತುದಿಯಲ್ಲಿ ಕೆಂಪು ರಾಡಿ ಅಂಟಿ ಬಂದರೆ, ಅದು ನೀರಿನ ತೂತು, ಅಂದರೆ ಹೆಡ್ ಒಳಗಿನ ನೀರಿನ ದಾರಿಗೆ ತೆರೆದದ್ದು. ಪುಸ್ತಕ ನೋಡಿಯೋ ಪಕ್ಕದ ಗಾಡಿ ನೋಡಿಯೋ ತೀರ್ಮಾನ ಮಾಡಬೇಡಿ. ಹಳೇ ಸ್ಟಡ್ ತೆಗೆಯುವಾಗ ಯಾರೋ ಪುಣ್ಯಾತ್ಮ ಡ್ರಿಲ್ಲನ್ನು ಆಳಕ್ಕೆ ಬಿಟ್ಟು, ಒಣ ತೂತನ್ನೂ ನೀರಿಗೆ ಸೇರಿಸಿರಬಹುದು.

ನೀರಿನ ತೂತಿಗೆ ಟೆಫ್ಲಾನ್ ಬೆರೆತ ಥ್ರೆಡ್ ಸೀಲಂಟ್ ಪೇಸ್ಟ್ ಸಾಕು. ಸುಮಾರು 200 ಡಿಗ್ರಿ ತಾಳುವಂಥದ್ದು ತನ್ನಿ. ಎಕ್ಸಾಸ್ಟ್ ಪಕ್ಕ ಅದು ಸುಟ್ಟು ಹೋಗುವುದಿಲ್ಲವೇ ಅಂತ ಕೇಳುತ್ತಾರೆ. ಆ ಥ್ರೆಡ್‌ನ ತುದಿ ನೀರಲ್ಲೇ ಇರುವುದರಿಂದ ಅಷ್ಟು ಕಾಯುವುದಿಲ್ಲ. ನಲ್ಲಿ ಪೈಪಿಗೆ ಸುತ್ತುವ ಬಿಳಿ ಟೇಪ್ ಬೇಡ. ಚೂರಾಗಿ ಒಳಗೆ ಸೇರುತ್ತದೆ. ಕೆಂಪು ಲಾಕ್‌ಟೈಟ್ (ಥ್ರೆಡ್ ಅಂಟಿಸಿಬಿಡುವ ಗಟ್ಟಿ ಗೋಂದು) ಹಾಕಿದರೆ ಮುಂದೆ ಬಿಚ್ಚುವವನ ಶಾಪ ನಿಮಗೇ.

ಒಣ ತೂತಿಗೆ ಸೀಲಂಟ್ ಬೇಕೇ ಇಲ್ಲ, ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ತಾಮ್ರದ ಆ್ಯಂಟಿ-ಸೀಜ್ ಪೇಸ್ಟ್ ಸ್ವಲ್ಪ ಸವರಿ. ನಟ್ ಕಡೆಗೂ ಅದೇ.

ಹಚ್ಚುವ ಮುಂಚೆ, ಥ್ರೆಡ್ ಕೊರೆಯುವ ಸರಿಯಾದ ಸೈಜಿನ ಟ್ಯಾಪ್‌ನಿಂದ ಥ್ರೆಡ್ ತುಕ್ಕು ಬಿಡಿಸಿ, ಥಿನ್ನರ್‌ನಲ್ಲಿ ಎಣ್ಣೆ ಪಸೆ ತೆಗೆದು ಒಣಗಿಸಿ. ಎಣ್ಣೆ ಇದ್ದ ಕಡೆ ಯಾವ ದುಬಾರಿ ಪೇಸ್ಟೂ ಹಿಡಿಯುವುದಿಲ್ಲ. ಹೊಸ ಸ್ಟಡ್‌ನ ಎರಡು ತುದಿಯ ಥ್ರೆಡ್ ಬೇರೆ ಬೇರೆ ಇದ್ದರೆ ದಪ್ಪ ಥ್ರೆಡ್ (ಸುತ್ತುಗಳ ನಡುವೆ ಅಂತರ ಹೆಚ್ಚಿರುವುದು) ಹೆಡ್ ಒಳಕ್ಕೆ. ಕೈಯಲ್ಲಿ ಪೂರ್ತಿ ಕೂರಿಸಿ, ಆಮೇಲೆ ಎರಡು ನಟ್‌ನಿಂದ ಸ್ವಲ್ಪ ಮಾತ್ರ ಬಿಗಿ. ಪೇಸ್ಟ್ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ಮ್ಯಾನಿಫೋಲ್ಡ್ ಕೂರಿಸುವ ಮೊದಲೇ ನೀರು ತುಂಬಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಪ್ರತಿ ಸ್ಟಡ್ ಬುಡಕ್ಕೂ ಒಣ ಟಿಶ್ಯೂ ಒತ್ತಿ ನೋಡಿ. ತೇವ ಬಂದರೆ ಈಗಲೇ ತೆಗೆಯುವುದು ಸುಲಭ.

ಹೊಸ ಪ್ಯಾಕಿಂಗ್, ಹಿತ್ತಾಳೆ ನಟ್. ಇಲ್ಲಿ ಕೆಲವು ದಪ್ಪ ವಾಷರ್‌ಗಳು ಇನ್ಲೆಟ್, ಎಕ್ಸಾಸ್ಟ್ ಎರಡರ ಕಿವಿಯನ್ನೂ (ವಾಷರ್ ಕೂರುವ ಚಾಚು) ಒಟ್ಟಿಗೆ ಒತ್ತುತ್ತವೆ. ಎರಡು ಕಿವಿಯ ದಪ್ಪದಲ್ಲಿ ವ್ಯತ್ಯಾಸವಿದ್ದರೆ ವಾಷರ್ ಓರೆಯಾಗಿ ಒಂದು ಕಡೆ ಹೊಗೆ ಸೋರುತ್ತದೆ. ಲೇತ್ ಅಂಗಡಿಯಲ್ಲಿ ಸಮ ಮಾಡಿಸಿ. ನಡುವಿನಿಂದ ಶುರುಮಾಡಿ ಹೊರಕ್ಕೆ ನಟ್ ಬಿಗಿಯಿರಿ, ಬಿಗಿತ 15 ಪೌಂಡ್-ಅಡಿ, ಅಂದರೆ ಸುಮಾರು 20 ನ್ಯೂಟನ್-ಮೀಟರ್. ಒಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ಅದೇ ಅಳತೆಗೆ ಮತ್ತೊಂದು ಸುತ್ತು ನೋಡಿ. ಆಮೇಲೆ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿಯುವುದು ಬಿಟ್ಟು, ಡಿಸ್ಟಿಲ್ಡ್ ವಾಟರ್‌ಗೆ ಕೂಲಂಟ್ ಬೆರೆಸಿ ಹಾಕಿ.