ಡಿಶ್‌ವಾಷರ್ ಬಾಗಿಲು ಮುಚ್ಚಿಕೊಳ್ಳುತ್ತಿಲ್ವಾ? ಮೊದಲು ತಟ್ಟೆ ನೋಡಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಅಮೆರಿಕಕ್ಕೆ ಬಂದ ಮಕ್ಕಳು ಮೊದಲ ವರ್ಷ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಆಂಟಿ, ಡಿಶ್‌ವಾಷರ್ ಶುರುವೇ ಆಗ್ತಿಲ್ಲ. ಬಾಗಿಲ ಲ್ಯಾಚ್ ಹೋಗಿದೆ ಅನ್ಸುತ್ತೆ." ಲ್ಯಾಚ್ ಅಂದರೆ ಬಾಗಿಲ ಚಿಲಕ. ನಾನೀಗ ರಜೆಗೆ ಹಾಸನದಲ್ಲಿದ್ದೇನೆ. ಇಲ್ಲೂ ಬಿಡಲಿಲ್ಲ. ಮೊನ್ನೆ ಮದುವೆ ಮನೆಯಲ್ಲಿ ಒಬ್ಬರು ಮಗನ ಅಡುಗೆಮನೆಯ ವಿಡಿಯೋ ತೋರಿಸಿ ಇದನ್ನೇ ಕೇಳಿದರು. ಸರಿ, ಎಲ್ಲರಿಗೂ ಸೇರಿಸಿ ಬರೆದೇ ಬಿಡೋಣ ಅಂತ ಕೂತೆ.

ಬಾಡಿಗೆ ಮನೆಯಲ್ಲಿರುವವರು ಸ್ಕ್ರೂಡ್ರೈವರ್ ಮುಟ್ಟಬೇಡಿ. ಮೆಷಿನ್ ಮನೆ ಓನರ್‌ದು, ರಿಪೇರಿಯೂ ಸಾಮಾನ್ಯವಾಗಿ ಅವರದೇ. ಫೋಟೋ ತೆಗೆದು ಇಮೇಲ್‌ನಲ್ಲೋ ಅಪಾರ್ಟ್‌ಮೆಂಟ್‌ನ ಆ್ಯಪ್‌ನಲ್ಲೋ ದೂರು ಹಾಕಿ. ಬಾಯಿಮಾತು ಸಾಕಾಗಲ್ಲ. ಅಡ್ವಾನ್ಸ್‌ನಲ್ಲಿ ಹಿಡ್ಕೊಂಡುಬಿಡ್ತಾರೇನೋ ಅಂತ ಹೆದರಿ ತಿಂಗಳುಗಟ್ಟಲೆ ಕೈಯಲ್ಲೇ ಪಾತ್ರೆ ತೊಳೆಯುವವರನ್ನು ಕಂಡಿದ್ದೇನೆ. ಬಳಸಿ ಬಳಸಿ ಸವೆದದ್ದಕ್ಕೆ ಸಾಮಾನ್ಯವಾಗಿ ಬಾಡಿಗೆದಾರರ ದುಡ್ಡು ಹಿಡಿಯುವ ಹಾಗಿಲ್ಲ. ನೀವೇ ಬಿಚ್ಚಿ ಮುರಿದರೆ ಮಾತ್ರ ಕಥೆ ಬೇರೆ.

ಸ್ವಂತ ಮನೆಯವರು ಮುಂದೆ ಓದಿ. ಮೆಷಿನ್ ಹೊಸದಾಗಿದ್ದರೆ ವಾರಂಟಿ ಇದೆಯಾ ನೋಡಿಕೊಳ್ಳಿ. ಹಾಸನದಲ್ಲಾದರೆ ಕೆಟ್ಟ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಕೊಟ್ಟು ಬರುತ್ತೇವೆ. ಅಮೆರಿಕದಲ್ಲಿ ಮೆಕ್ಯಾನಿಕ್ ಮನೆಗೆ ಬಂದು ಇಣುಕಿ ನೋಡುವುದಕ್ಕೇ ದುಡ್ಡು. ಎಷ್ಟೋ ಸಲ ಅದು ಹೊಸ ಲ್ಯಾಚ್‌ನ ಬೆಲೆಗಿಂತ ಜಾಸ್ತಿ.

ಆದರೆ ಲ್ಯಾಚ್ ನಿಜವಾಗಲೂ ಕೆಟ್ಟಿದೆಯಾ? ನಮ್ಮವರ ಮನೆಗಳಲ್ಲಿ ಅರ್ಧಕ್ಕರ್ಧ ಕೇಸು ಪಾತ್ರೆಯದೇ. ಆ ಮೆಷಿನ್‌ಗಳ ಕಂಬಿಗಳನ್ನು ಅವರ ಪಿಂಗಾಣಿ ತಟ್ಟೆಯ ಅಳತೆಗೆ ಮಾಡಿರುತ್ತಾರೆ. ಮುದ್ದೆ, ಸಾರು, ಪಲ್ಯ ಎಲ್ಲ ಹಿಡಿಯುವ ನಮ್ಮ ಅಗಲದ ಸ್ಟೀಲ್ ತಟ್ಟೆ, ಉದ್ದ ಹಿಡಿಯ ಸೌಟು, ಕುಕ್ಕರ್‌ನ ಹಿಡಿ ಇವೆಲ್ಲ ಮುಂದಕ್ಕೆ ಚಾಚಿಕೊಂಡು ಬಾಗಿಲಿಗೆ ಅಡ್ಡ ಬರುತ್ತವೆ. ಬಾಗಿಲು ಮುಚ್ಚಿದ ಹಾಗೆ ಕಾಣುತ್ತೆ, ಒಂದೆರಡು ಮಿಲಿಮೀಟರ್ ಸಂದು ಉಳಿದಿರುತ್ತೆ. ಅಷ್ಟೇ ಸಾಕು ಮೆಷಿನ್ ಮುನಿಸಿಕೊಳ್ಳಲು. ಎರಡೂ ಬುಟ್ಟಿಗಳನ್ನು ಖಾಲಿ ಮಾಡಿ ಪೂರ್ತಿ ಹಿಂದಕ್ಕೆ ತಳ್ಳಿ, ಬಾಗಿಲು ಮುಚ್ಚಿ ನೋಡಿ. ಮುಚ್ಚಿಕೊಂಡರೆ ರಿಪೇರಿ ಮುಗಿಯಿತು. ಅಂದ ಹಾಗೆ, ದೋಸೆಯ ಕಬ್ಬಿಣದ ಕಾವಲಿ ಅದರೊಳಗೆ ಹೋಗಲೇಬಾರದು. ಎಣ್ಣೆ ಕುಡಿದು ಪಳಗಿದ ಕಾವಲಿ ಒಂದೇ ತೊಳೆತಕ್ಕೆ ತುಕ್ಕು ಹಿಡಿದು ಬರುತ್ತೆ.

ಖಾಲಿ ಮಾಡಿದರೂ ಮುಚ್ಚದಿದ್ದರೆ ಟಾರ್ಚ್ ಹಿಡಿದು ನೋಡಿ. ಸಾಮಾನ್ಯವಾಗಿ ಲ್ಯಾಚ್ ಇರುವುದು ಬಾಗಿಲ ಮೇಲಂಚಿನಲ್ಲಿ. ಅದಕ್ಕೆ ಎದುರಾಗಿ ಮೆಷಿನ್‌ನ ಬಾಯಿಯ ಮೇಲ್ಭಾಗದಲ್ಲಿ ಒಂದು ಕೊಂಡಿ. ಬಾಗಿಲು ಮುಚ್ಚಿದಾಗ ಲ್ಯಾಚ್ ಕೊಂಡಿಯನ್ನು ಕಚ್ಚಿಕೊಂಡು ಟಕ್ ಅನ್ನುತ್ತೆ. ಅದೇ ಹೊತ್ತಿಗೆ ಲ್ಯಾಚ್ ಒಳಗಿನ ಪುಟ್ಟ ಸ್ವಿಚ್ ಒತ್ತಿಕೊಳ್ಳುತ್ತೆ. ಬಾಗಿಲು ಮುಚ್ಚಿದೆ ಅಂತ ಮೆಷಿನ್‌ಗೆ ಗೊತ್ತಾಗುವುದು ಆ ಸ್ವಿಚ್‌ನಿಂದ. ಹಾಗಾಗಿ ಟಕ್ ಸದ್ದೇ ಬರದಿದ್ದರೆ ಕೊಂಡಿ, ಲ್ಯಾಚ್, ಮೆಷಿನ್ ಬಾಯಿಯ ಸುತ್ತಲಿನ ರಬ್ಬರ್ ಪಟ್ಟಿ ನೋಡಬೇಕು. ಸದ್ದು ಬಂದೂ ಶುರುವಾಗದಿದ್ದರೆ ಸ್ವಿಚ್ ಮೇಲೆ ಅನುಮಾನ. ಅದಕ್ಕೂ ಮೊದಲು ಚೈಲ್ಡ್ ಲಾಕ್ ಅಥವಾ ತಡವಾಗಿ ಶುರುವಾಗುವ ಬಟನ್ ಒತ್ತಿದೆಯಾ ನೋಡಿ. ಮನೆಯಲ್ಲಿ ಮಗು ಇದ್ದರಂತೂ ಮೊದಲು ಅದನ್ನೇ ನೋಡಿ.

ಲ್ಯಾಚ್‌ನ ಬಾಯಲ್ಲಿ ಅನ್ನದ ಅಗುಳು, ಜಿಡ್ಡು ಕೂತಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ರಬ್ಬರ್ ಪಟ್ಟಿ ಜಾಗ ಬಿಟ್ಟು ಎದ್ದಿದ್ದರೆ ಬೆರಳಲ್ಲೇ ಒತ್ತಿ ಕೂರಿಸಿ. ಇನ್ನೊಂದು ಕಾರಣ ಯಾರಿಗೂ ಹೊಳೆಯಲ್ಲ. ಮೆಷಿನ್ ಅನ್ನು ಅಡುಗೆ ಕಟ್ಟೆಯ ಅಡಿಗೋ ಪಕ್ಕದ ಕಪಾಟಿಗೋ ಎರಡು ಸ್ಕ್ರೂ ಹಾಕಿ ಹಿಡಿಸಿರುತ್ತಾರೆ. ಅವು ಸಡಿಲವಾದರೆ, ತುಂಬಿದ ಬುಟ್ಟಿ ಎಳೆದಾಗ ಮೆಷಿನ್ ಪೂರ್ತಿ ಮುಂದಕ್ಕೆ ವಾಲುತ್ತೆ. ಆಗ ಬಾಗಿಲ ಲೈನ್ ತಪ್ಪುತ್ತೆ. ಸ್ಕ್ರೂ ಬಿಗಿ ಮಾಡಿ, ಕೆಳಗಿನ ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿದರೆ ಆಯಿತು. ಬಾಗಿಲನ್ನು ಜೋರಾಗಿ ಬಡಿದು ಮುಚ್ಚುವ ಅಭ್ಯಾಸ ಮಾತ್ರ ಬೇಡ. ಲ್ಯಾಚ್ ಪ್ಲಾಸ್ಟಿಕ್‌ದು, ಬಡಿತಕ್ಕೇ ಮುರಿಯುತ್ತೆ.

ಮುರಿದೇ ಹೋಗಿದ್ದರೆ ಹೊಸದು ತರಿಸಿ. ಬಾಗಿಲ ಅಂಚಿನಲ್ಲೋ ಮೆಷಿನ್ ಬಾಯಿಯ ಪಕ್ಕದಲ್ಲೋ ಅಂಟಿಸಿರುವ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತೆ. ಆ ನಂಬರ್‌ಗೆ ಹೊಂದುವ ಲ್ಯಾಚ್ಚೇ ಬೇಕು. ನೋಡಲು ಒಂದೇ ಥರ ಇದ್ದರೆ ಸಾಲದು. ಊರಿಂದ ಬರುವ ಅಪ್ಪ ಅಮ್ಮನ ಕೈಲಿ ತರಿಸುವ ಯೋಚನೆ ಬಿಡಿ. ಭಾರತದವು 230 ವೋಲ್ಟ್‌ನ ಮೆಷಿನ್, ಅಮೆರಿಕದವು 120 ವೋಲ್ಟ್‌ನವು. ಮಾಡೆಲ್‌ಗಳೇ ಬೇರೆ. ಅವರ ಪೆಟ್ಟಿಗೆಯಲ್ಲಿ ಕಾಫಿಪುಡಿಗೆ ಜಾಗ ಇರಲಿ.

ಬಿಚ್ಚುವ ಮೊದಲು ಮನೆಯ ಕರೆಂಟ್ ಬಾಕ್ಸ್‌ನಲ್ಲಿ ಮೆಷಿನ್‌ನ ಬ್ರೇಕರ್ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ. ಮೆಷಿನ್‌ನ ಬಟನ್ ಆಫ್ ಮಾಡಿದರೆ ಸಾಲದು, ಒಳಗೆ ಕರೆಂಟ್ ಇದ್ದೇ ಇರುತ್ತೆ. ಬ್ರೇಕರ್ ಇಳಿಸಿದ ಮೇಲೆ ಬಟನ್ ಒತ್ತಿ ನೋಡಿ, ಒಂದು ದೀಪವೂ ಹತ್ತಬಾರದು. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ, ಬಾಗಿಲ ಒಳಗಿನ ತಗಡು ಚೂಪಾಗಿರುತ್ತೆ. ಬಾಗಿಲ ಒಳಬದಿಯ ಅಂಚಿನ ಸ್ಕ್ರೂಗಳು ಹೆಚ್ಚಾಗಿ ನಕ್ಷತ್ರದ ಆಕಾರದವು. ಟಾರ್ಕ್ಸ್ ಟಿ15 ಅಥವಾ ಟಿ20 ಬಿಟ್ ಹೊಂದುತ್ತೆ. ಮೇಲಿನ ಸ್ಕ್ರೂ ಬಿಚ್ಚಿದಾಗ ಬಟನ್‌ಗಳಿರುವ ಪಟ್ಟಿ ಸಡಿಲವಾಗುತ್ತೆ. ಅದನ್ನು ವೈರ್ ಮೇಲೆ ನೇತಾಡಲು ಬಿಡದೆ ಒಂದು ಕೈಯಲ್ಲಿ ಹಿಡಿದುಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಹೊರಗಿನ ತಗಡೂ ತೆಗೆಯಬೇಕಾಗುತ್ತೆ. ಆಗ ಬಾಗಿಲ ಭಾರ ಕಡಿಮೆಯಾಗಿ, ಸ್ಪ್ರಿಂಗ್ ಅದನ್ನು ಪಟ್ಟನೆ ಮೇಲಕ್ಕೆ ಎಳೆಯುತ್ತೆ. ಮುಖ ದೂರ ಇರಲಿ.

ವೈರ್ ಕೀಳುವ ಮೊದಲು ಫೋಟೋ ತೆಗೆಯಿರಿ. ಹಳೆಯ ಲ್ಯಾಚ್ ಕೈಗೆ ಬಂದ ಮೇಲೆ ಮಲ್ಟಿಮೀಟರ್ (ಕರೆಂಟ್ ಪರೀಕ್ಷೆಯ ಮೀಟರ್) ಇದ್ದರೆ ಸ್ವಿಚ್ ಪರೀಕ್ಷೆ ಮಾಡಿ. ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ತೋರಿಸಬೇಕು. ಎರಡೂ ಸಲ ಒಂದೇ ತೋರಿಸಿದರೆ ಸ್ವಿಚ್ ಸತ್ತಿದೆ. ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಬಂದವರಿಗೆ ಇದನ್ನೂ ನಾನು ಹೇಳಿಕೊಡಬೇಕಾ? ಹೊಸದನ್ನು ಅದೇ ಜಾಗದಲ್ಲಿ ಕೂರಿಸಿ, ಫೋಟೋ ನೋಡಿಕೊಂಡು ವೈರ್ ಸಿಕ್ಕಿಸಿ, ಸ್ಕ್ರೂ ಹಾಕಿ. ಜಾಸ್ತಿ ಬಿಗಿ ಬೇಡ, ಪ್ಲಾಸ್ಟಿಕ್ ಬಿರಿಯುತ್ತೆ.

ಸ್ವಿಚ್‌ನ ಎರಡು ವೈರ್ ಸೇರಿಸಿ ಕಟ್ಟಿಬಿಟ್ಟರೆ ಓಡುತ್ತೆ ಅಂತ ಯಾರಾದರೂ ಉಪಾಯ ಹೇಳಿದರೆ ಕೇಳಬೇಡಿ. ಹಾಗೆ ಮಾಡಿದರೆ ಬಾಗಿಲು ತೆರೆದರೂ ಮೆಷಿನ್ ನಿಲ್ಲಲ್ಲ. ಬಿಸಿನೀರು ಮೈಮೇಲೆ ಎರಚುತ್ತೆ. ಕೆಳಗಿನ ಮನೆಯವರ ಸೀಲಿಂಗ್‌ಗೆ ನೀರು ಇಳಿದರೆ ಆ ಖರ್ಚು ಬೇರೆ.

ಬ್ರೇಕರ್ ಆನ್ ಮಾಡಿ, ಮೊದಲ ಸಲ ಪಾತ್ರೆ ಇಲ್ಲದೆ ತೊಳೆಯುವ ಸಣ್ಣ ಸೈಕಲ್ ಓಡಿಸಿ. ನಡುವೆ ಒಮ್ಮೆ ಬಾಗಿಲನ್ನು ಸ್ವಲ್ಪವೇ ಸಡಿಲಿಸಿ, ಮೆಷಿನ್ ತಕ್ಷಣ ನಿಲ್ಲಬೇಕು. ಬಾಗಿಲ ಕೆಳಗೆ ಒಣ ಬಟ್ಟೆ ಹಾಸಿಡಿ. ಸೈಕಲ್ ಮುಗಿದಾಗ ಬಟ್ಟೆ ಒಣಗಿಯೇ ಇದ್ದರೆ ಪಾತ್ರೆ ತುಂಬಬಹುದು.