ಕಾಲಿನ ಗಿಣ್ಣಿನ ಹಿಂದೆ ನೋವಾ? ಬರೀ ಉಳುಕು ಅಂತ ಬಿಡಬೇಡಿ

ಕಾಲು ಹೊರಳಿ ತಿಂಗಳಾದರೂ ಪಾದದ ಹೊರಗಡೆ ನೋವು ಹೋಗಿಲ್ಲ ಅಂದ್ರೆ, ಅದು ಬರೀ ಉಳುಕಲ್ಲದೆ ಇರಬಹುದು. ಹೊರಗಿನ ಗಿಣ್ಣಿನ, ಅಂದ್ರೆ ಪಾದದ ಮೇಲೆ ಹೊರಗಡೆ ಉಬ್ಬಿರುವ ಮೂಳೆಯ ಹಿಂದೆ ಒಂದು ಸಣ್ಣ ತೋಡಿದೆ. ಪೆರೋನಿಯಲ್ ಅನ್ನುವ ಎರಡು ಟೆಂಡನ್‌ಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಅದರಲ್ಲೇ ಇಳಿದು ಬರುತ್ತವೆ. ಒಂದು ಕಿರುಬೆರಳಿನ ಕಡೆಯ ಮೂಳೆಯ ಬುಡಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದು ಅಂಗಾಲಿನಡಿ ಹಾದು ಹೆಬ್ಬೆರಳಿನ ಕಡೆಗೆ ಹೋಗುತ್ತದೆ. ಕಾಲು ಒಳಕ್ಕೆ ಹೊರಳದ ಹಾಗೆ ತಡೆಯುವುದು ಇವುಗಳ ಕೆಲಸ.

ಈಗಷ್ಟೇ ಬಿದ್ದು ನಾಲ್ಕು ಹೆಜ್ಜೆ ಹಾಕಲೂ ಆಗದಿದ್ದರೆ, ಅಥವಾ ಮೂಳೆ ಮುಟ್ಟಿದರೇ ನೋವಾದರೆ, ಮೊದಲು ಎಕ್ಸ್‌ರೇ. ಹಾಗೇನಿಲ್ಲ ಅಂದ್ರೆ ಬೆರಳಿನಿಂದ ಒತ್ತಿ ನೋಡಿ. ನೋವು ಗಿಣ್ಣಿನ ಮುಂದೆ ಇದ್ದರೆ ಸಾಮಾನ್ಯವಾಗಿ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಉಳುಕು, ಹಿಂದೆ ಇದ್ದರೆ ಟೆಂಡನ್ ಮೇಲೆ ಅನುಮಾನ. ಪಾದದ ಹೊರ ಅಂಚಿಗೆ ಅಂಗೈ ಅಡ್ಡ ಕೊಟ್ಟು, ಪಾದವನ್ನು ಹೊರಕ್ಕೆ ತಳ್ಳಿ. ಗಿಣ್ಣಿನ ಹಿಂದೆಯೇ ಚುಚ್ಚಿದರೆ ಅನುಮಾನ ಗಟ್ಟಿಯಾಯಿತು. ಏನೋ ಟಕ್ ಅಂತ ಮೂಳೆಯ ಮೇಲೆ ಹತ್ತಿ ಇಳಿದ ಹಾಗಾದರೆ ಟೆಂಡನ್ ತೋಡಿನಿಂದ ಜಾರುತ್ತಿರಬಹುದು, ಕಾಯದೆ ಮೂಳೆ ಡಾಕ್ಟರ ಹತ್ತಿರ ಹೋಗಿ.

ಎಣ್ಣೆ ಹಚ್ಚಿ ಉಳುಕು ತೆಗೆಸುತ್ತೀವಿ ಅನ್ನುತ್ತಾರಲ್ವಾ, ದಯವಿಟ್ಟು ಬೇಡ. ಗಾಯವಾದ ಟೆಂಡನ್ನನ್ನು ಎಳೆದಾಡಿದರೆ ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15ರಿಂದ 20 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಓಡುವುದು ಜಿಗಿಯುವುದು ನಿಲ್ಲಿಸಿ. ನಡೆದರೂ ನೋವಾದರೆ ಡಾಕ್ಟರು ಕೆಲವು ವಾರ ಬ್ರೇಸ್ ಅಥವಾ ಬೂಟ್ ಹಾಕಿಸುತ್ತಾರೆ. ಬೇಗ ವಾಸಿಯಾಗಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ನೀವಾಗಿ ಕೇಳಬೇಡಿ, ಅದರಿಂದ ಟೆಂಡನ್ ಹರಿಯುವ ಅಪಾಯವಿದೆ.

ನೋವು ಇಳಿದ ಮೇಲೆ ನಿಜವಾದ ಕೆಲಸ ಶುರು. ಕುರ್ಚಿ ಮೇಲೆ ಕೂತು ಹಿಮ್ಮಡಿ ನೆಲಕ್ಕೂರಿ. ಎಲಾಸ್ಟಿಕ್ ಬ್ಯಾಂಡಿನ ಒಂದು ತುದಿಯನ್ನು ಪಾದಕ್ಕೆ ಸಿಕ್ಕಿಸಿ, ಇನ್ನೊಂದನ್ನು ಪಾದದ ಒಳಬದಿಗೆ ಇರುವ ಮೇಜಿನ ಕಾಲಿಗೆ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯಿರಿ. ವಾಪಸ್ ಬರುವಾಗ ನಿಧಾನ, ಬ್ಯಾಂಡ್ ಎಳೆದಂತೆ ಸುಮ್ನೆ ಬಿಟ್ಟುಬಿಟ್ಟರೆ ಅರ್ಧ ವ್ಯಾಯಾಮ ಹೋಯಿತು. ಆಮೇಲೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಂತು ಅಭ್ಯಾಸ ಮಾಡಿ, ಗೋಡೆ ಹತ್ತಿರವಿರಲಿ. ಅಂಗಾಲಿನ ಕಮಾನು ತೀರಾ ಎತ್ತರವಿರುವವರಿಗೆ ಇದು ಮರುಕಳಿಸುವುದು ಜಾಸ್ತಿ, ಅಂಥವರಿಗೆ ಹೊರ ಅಂಚು ಸ್ವಲ್ಪ ಎತ್ತರಿಸಿದ ಇನ್‌ಸೋಲ್ ಬೇಕಾಗಬಹುದು.

ಇಷ್ಟಾದರೂ ಬಗ್ಗದಿದ್ದರೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಪಾದ ಆಡಿಸುತ್ತಲೇ ನೋಡಬಹುದಾದ್ದರಿಂದ ಟೆಂಡನ್ ಜಾರುವುದು ಅಲ್ಟ್ರಾಸೌಂಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಟೆಂಡನ್ ಉದ್ದಕ್ಕೆ ಸೀಳಿದ್ದರೆ ಆಪರೇಷನ್ ಮಾಡಿ ಹೊಲಿಯುತ್ತಾರೆ, ತೋಡು ಆಳವಿಲ್ಲದಿದ್ದರೆ ಆಳ ಮಾಡುತ್ತಾರೆ. ಆಪರೇಷನ್ ಆದಮೇಲೆ ಕೆಲವು ವಾರ ಆ ಕಾಲೂರುವ ಹಾಗಿಲ್ಲ, ಆಟಕ್ಕೆ ಇಳಿಯಲು ತಿಂಗಳುಗಳೇ ಬೇಕು.