ಸಮಾಂತರ ವಿಶ್ವಗಳಲ್ಲಿ ‘ನಾನು’ ಉಳಿಯುತ್ತೇನೆಂಬ ವಾದವನ್ನು ಪರೀಕ್ಷಿಸುವ ಬಗೆ

ಕ್ವಾಂಟಮ್ ಅಮರತ್ವದ ವಾದ ಇಷ್ಟೇ: ಪ್ರತಿಯೊಂದು ಕ್ವಾಂಟಮ್ ಘಟನೆಯಲ್ಲೂ, ಅಂದರೆ ಸೂಕ್ಷ್ಮ ಕಣಗಳ ಮಟ್ಟದ ಘಟನೆಯಲ್ಲೂ, ಸಾಧ್ಯವಿರುವ ಫಲಿತಾಂಶಗಳೆಲ್ಲ ಬೇರೆ ಬೇರೆ ಕವಲುಗಳಲ್ಲಿ, ಎಂದರೆ ಸಮಾಂತರ ವಿಶ್ವಗಳಲ್ಲಿ, ನಡೆಯುವುದಾದರೆ, ಸತ್ತ ಕವಲಿನಲ್ಲಿ ಅನುಭವಿಸಲು ನಾನೇ ಇಲ್ಲದ ಕಾರಣ, ನನ್ನ ಅನುಭವ ಯಾವಾಗಲೂ ಬದುಕುಳಿದ ಕವಲಿನಲ್ಲೇ ಮುಂದುವರಿಯುತ್ತದೆ. ಮೊದಲ ಓದಿಗೆ ಇದರಲ್ಲಿ ಲೋಪ ಕಾಣುವುದಿಲ್ಲ. ಅದನ್ನು ಹುಡುಕುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ. ಇದು ಕಾಗದ ಮತ್ತು ಪೆನ್ನಿನ ಕೆಲಸವೇ ಹೊರತು ಯಾರೂ ತಮ್ಮ ದೇಹದ ಮೇಲೆ ಮಾಡಬೇಕಾದ ಪ್ರಯೋಗವಲ್ಲ.

ಮೊದಲು, ಭೌತಶಾಸ್ತ್ರ ಹೇಳುವುದನ್ನೂ ಅದಕ್ಕೆ ನಾವು ಸೇರಿಸಿಕೊಂಡಿರುವುದನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. 1957ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಭೌತಶಾಸ್ತ್ರಜ್ಞ ಜಾನ್ ವೀಲರ್ ಅವರ ವಿದ್ಯಾರ್ಥಿಯಾಗಿದ್ದ ಹ್ಯೂ ಎವರೆಟ್ ಮಂಡಿಸಿದ ಸಿದ್ಧಾಂತದಲ್ಲಿ ತರಂಗ ಫಲನ, ಅಂದರೆ ಸಾಧ್ಯ ಫಲಿತಾಂಶಗಳನ್ನೆಲ್ಲ ಒಟ್ಟಿಗೆ ವಿವರಿಸುವ ಗಣಿತ ರೂಪ, ಎಂದೂ ಒಂದೇ ಫಲಿತಾಂಶಕ್ಕೆ ಕುಸಿಯುವುದಿಲ್ಲ. ಅಳತೆ ನಡೆದಾಗ ವೀಕ್ಷಕನೂ ಸೇರಿದಂತೆ ಇಡೀ ವ್ಯವಸ್ಥೆ ಕವಲೊಡೆಯುತ್ತದೆ, ಮತ್ತು ಪ್ರತಿ ಕವಲಿಗೂ, ಫಲಿತಾಂಶಗಳ ಸಂಭವನೀಯತೆಯನ್ನು ಲೆಕ್ಕಹಾಕುವ ಬಾರ್ನ್ ನಿಯಮ ನೀಡುವಷ್ಟು ತೂಕವಿರುತ್ತದೆ. ಭೌತಶಾಸ್ತ್ರದ ಪಾಲು ಇಲ್ಲಿಗೆ ಮುಗಿಯಿತು. ಪ್ರಜ್ಞೆಯು ಸಾಯುವ ಕವಲನ್ನು ಬಿಟ್ಟು ಉಳಿಯುವ ಕವಲಿಗೆ ಸಾಗುತ್ತದೆ ಎಂಬುದು ಯಾವ ಸಮೀಕರಣದಲ್ಲೂ ಇಲ್ಲ.

ಆನಂತರ ‘ನಾನು’ ಎಂಬ ಪದ ಬಂದಲ್ಲೆಲ್ಲ ಗೆರೆ ಎಳೆದು, ಅದು ಯಾರೆಂದು ಕೇಳಿ. ನನ್ನ ಅನುಭವದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದೇ. ತತ್ತ್ವಶಾಸ್ತ್ರಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ, ಒಬ್ಬ ವ್ಯಕ್ತಿ ಇಬ್ಬರಾಗಿ ಒಡೆದರೆ ಅವರಲ್ಲಿ ಮೂಲ ವ್ಯಕ್ತಿ ಯಾರು ಎಂಬ ಪ್ರಶ್ನೆಗೆ ಉತ್ತರವೇ ಇರಬೇಕಿಲ್ಲವೆಂದೂ, ಮುಖ್ಯವಾದುದು ನೆನಪು, ಉದ್ದೇಶ, ಸ್ವಭಾವಗಳ ಮುಂದುವರಿಕೆಯೆಂದೂ ವಾದಿಸಿದರು. ಇದನ್ನು ಒಪ್ಪಿದರೆ, ಕವಲೊಡೆದ ಕ್ಷಣದಲ್ಲಿ ಇಬ್ಬರಿಗೂ ನಿಮ್ಮ ನಿನ್ನೆಯ ನೆನಪು ಸಮನಾಗಿಯೇ ಇರುತ್ತದೆ. ವಾಸ್ತವದಲ್ಲಿ ಸಾವಿಗೆ ಸಮಯ ಹಿಡಿಯುವುದರಿಂದ, ಸಾಯುವ ಕವಲಿನಲ್ಲಿರುವವನು ಕವಲೊಡೆದ ಮೇಲೂ ಕೆಲಕಾಲ ಎಚ್ಚರವಾಗಿರುತ್ತಾನೆ. ಆತನೂ ನೀವೇ, ಇನ್ನೊಂದು ಕವಲಿಗೆ ದಾಟಲು ಆತನಿಗೆ ದಾರಿಯಿಲ್ಲ. 1998ರಲ್ಲಿ ಈ ವಾದವನ್ನು ಚರ್ಚಿಸಿದ ಭೌತಶಾಸ್ತ್ರಜ್ಞ ಮ್ಯಾಕ್ಸ್ ಟೆಗ್‌ಮಾರ್ಕ್ ಅವರೇ, ಅರಿವಿಗೆ ಬರುವ ಮುನ್ನವೇ ಪ್ರಜ್ಞೆ ಅಳಿಯಬೇಕೆಂಬ ಷರತ್ತನ್ನು ಇಟ್ಟಿದ್ದರು. ಮುಪ್ಪಾಗಲಿ ಕಾಯಿಲೆಯಾಗಲಿ ಆ ಷರತ್ತನ್ನು ಪಾಲಿಸುವುದಿಲ್ಲ.

ಈಗ ಸಾವಿನ ಜಾಗದಲ್ಲಿ ನಿದ್ರೆಯನ್ನು ಇಟ್ಟು ವಾದವನ್ನು ಮತ್ತೆ ಓದಿ. ಇನ್ನೊಂದು ಕ್ಷಣ ಎಚ್ಚರವಾಗಿರುವ ಕವಲು ಯಾವಾಗಲೂ ಇದ್ದೇ ಇರುವುದರಿಂದ, ಪ್ರಜ್ಞೆ ಉಳಿದ ಕವಲನ್ನೇ ನಾವು ಅನುಭವಿಸುತ್ತೇವೆಂಬುದು ನಿಜವಾದರೆ ಯಾರಿಗೂ ನಿದ್ದೆ ಹತ್ತಬಾರದು. ಹತ್ತುತ್ತದೆ. ನಿದ್ದೆಯಿಂದ ಏಳುತ್ತೇವಲ್ಲ ಎಂದು ಸಮರ್ಥಕರು ಹೇಳಬಹುದು. ಆಗ ವಾದದ ಆಧಾರವು ಈ ಕ್ಷಣದ ಪ್ರಜ್ಞೆಯಿಂದ ಮುಂದೆಂದೋ ಮರಳುವ ಪ್ರಜ್ಞೆಗೆ ಜಾರಿತೆಂಬುದನ್ನು ಗುರುತು ಹಾಕಿಕೊಳ್ಳಿ.

ಕವಲುಗಳ ತೂಕವನ್ನೂ ಮರೆಯಬೇಡಿ. ನೂರರಲ್ಲಿ ಒಂದು ಪಾಲು ತೂಕದ ಕವಲಿನಲ್ಲಿ ನೀವು ಉಳಿದರೆ, ಮಿಕ್ಕ ತೊಂಬತ್ತೊಂಬತ್ತು ಪಾಲಿನಲ್ಲಿ ನಿಮ್ಮನ್ನು ಕಳೆದುಕೊಂಡ ಮನೆಯವರಿರುತ್ತಾರೆ. ಎವರೆಟ್ ಸಿದ್ಧಾಂತದಲ್ಲಿ ಅವರೂ ಅಷ್ಟೇ ನಿಜ.

ಇಷ್ಟಾದ ಮೇಲೂ ವಾದ ಸರಿಯೆನಿಸಿದರೆ, ತತ್ತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 2001ರ ಉಪನ್ಯಾಸದಲ್ಲಿ ತೋರಿಸಿದ ಪರಿಣಾಮವನ್ನು ಎದುರಿಗಿಟ್ಟುಕೊಳ್ಳಿ. ಸಾವು ಬಾರದ ಕವಲುಗಳಲ್ಲಿ ಬಹುಪಾಲು ಗಾಯ, ಅಂಗನಷ್ಟ ಮತ್ತು ಜೀರ್ಣತೆಯ ಕವಲುಗಳೇ ಆಗಿರುತ್ತವೆ. ವಾದ ಭರವಸೆ ಕೊಡುವುದು ಪ್ರಜ್ಞೆಗೆ ಮಾತ್ರ, ಆರೋಗ್ಯಕ್ಕಾಗಲಿ ಪ್ರೀತಿಪಾತ್ರರ ಜೊತೆಗಾಗಲಿ ಅಲ್ಲ.